ಉಪ್ಪಾಗೆಯ ಹುಳಿಯನ್ನು ಅಳೆಯುವವರು ಯಾರು?

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಹೊನ್ನಾವರ ಸೀಮೆಯ ಘಟ್ಟದ ಕಾಡುಗಳಲ್ಲಿ ಹಣ್ಣಾಗುವ ಉಪ್ಪಾಗೆಯನ್ನು ಮಲೆನಾಡಿನವರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಸಣ್ಣ ಕುಂಬಳಕಾಯಿಯಂತೆ ಏಣುಗಳುಳ್ಳ ಹಳದಿ ಹಣ್ಣು ಅದು. ಅದರ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ ಎಂಬುದು ನಮ್ಮ ಅಡುಗೆಮನೆಗಳ ಹಳೆಯ ಲೆಕ್ಕ. ಕೊಡಗಿನಲ್ಲಿ ಇದೇ ಹಣ್ಣಿನ ರಸವನ್ನು ಕುದಿಸಿ ಬತ್ತಿಸಿ ಕಾಚಂಪುಳಿ ಮಾಡುತ್ತಾರೆ. ಕೇರಳದಲ್ಲಿ ಇದರ ಒಣಸಿಪ್ಪೆ ಕುಡಂಪುಳಿ ಎಂಬ ಹೆಸರಿನಲ್ಲಿ ಮೀನಿನ ಸಾರಿಗೆ ಬೀಳುತ್ತದೆ. ಶಾಸ್ತ್ರೀಯವಾಗಿ ಇದು ಗಾರ್ಸೀನಿಯಾ ಗಮ್ಮಿ-ಗುಟ್ಟ. ಹಿಂದಿನ ಪುಸ್ತಕಗಳಲ್ಲಿಯೂ ವ್ಯಾಪಾರದ ಕಾಗದಗಳಲ್ಲಿಯೂ ಕಾಣುವ ಹೆಸರು ಗಾರ್ಸೀನಿಯಾ ಕಾಂಬೋಜಿಯಾ.

ಒಂದೇ ಸಿಪ್ಪೆಗೆ ಇಂದು ಎರಡು ಬಗೆಯ ಅಳತೆಗಳಿವೆ. ಕಾಡಿನಂಚಿನಲ್ಲಿ ಅದನ್ನು ತಕ್ಕಡಿ ಅಳೆಯುತ್ತದೆ. ಕೊಳ್ಳುವವನು ಚೀಲಕ್ಕೆ ಕೈಹಾಕಿ, ಒಂದು ಚೂರನ್ನು ಮುರಿದು ನೋಡಿ, ಕಿಲೋಗೆ ಇಷ್ಟೆಂದು ಬೆಲೆ ಹೇಳುತ್ತಾನೆ. ಅದೇ ಸಿಪ್ಪೆ ಸಾರ ತೆಗೆಯುವ ಕಾರ್ಖಾನೆಯನ್ನು ಮುಟ್ಟಿದ ಮೇಲೆ ತಕ್ಕಡಿಯ ಮಾತು ಹಿಂದಕ್ಕೆ ಸರಿದು, ದ್ರವ ಕ್ರೊಮ್ಯಾಟೋಗ್ರಫಿ ಎಂಬ ವಿಧಾನದಿಂದ ಬಂದ ಶೇಕಡಾವಾರು ಮುಂದೆ ಬರುತ್ತದೆ. ಸಾರದ ಡಬ್ಬಿಯ ಮೇಲೆ ಶೇಕಡಾ 50, ಶೇಕಡಾ 60 ಎಂದು ಅಚ್ಚಾಗುವುದು ಹಣ್ಣಿನ ತೂಕವಲ್ಲ, ಅದರೊಳಗಿನ ಒಂದು ಆಮ್ಲದ ಪ್ರಮಾಣ. ಮರ ಹತ್ತಿದವನಿಗೂ ಒಲೆಯ ಮುಂದೆ ಹೊಗೆ ಕುಡಿದವಳಿಗೂ ಆ ಸಂಖ್ಯೆ ತಿಳಿಯುವುದಿಲ್ಲ.

ಈ ಲೇಖನದ ವಾದ ಇಷ್ಟೇ: ಆ ಸಂಖ್ಯೆ ಕಾಡಿನಂಚಿಗೂ ಬರಬೇಕು. ಬಂದಾಗ ಅದನ್ನು ಓದಲು ನಮಗೆ ಬರಬೇಕು. ಓದಲು ಬಂದಮೇಲೆ ಅದು ಯಾವುದನ್ನು ಹೇಳುತ್ತದೆ, ಯಾವುದನ್ನು ಹೇಳಲಾರದು ಎಂಬ ವಿವೇಕವೂ ನಮ್ಮಲ್ಲಿರಬೇಕು.

ಬಣ್ಣದಿಂದ ಹೊರಟ ವಿದ್ಯೆ

ಯಂತ್ರವೆಂದೊಡನೆ ಹಿಂಜರಿಯಬೇಕಾಗಿಲ್ಲ. ಈ ವಿದ್ಯೆ ಹುಟ್ಟಿದ್ದೇ ಹಸಿರೆಲೆಯಿಂದ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಎಲೆಯ ಬಣ್ಣಗಳನ್ನು ಒಂದರಿಂದೊಂದು ಬೇರ್ಪಡಿಸುವ ಯತ್ನದಲ್ಲಿದ್ದ. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ಒತ್ತಾಗಿ ತುಂಬಿ, ಮೇಲಿನಿಂದ ಎಲೆಯ ರಸವನ್ನೂ ಅದರ ಹಿಂದೆಯೇ ಶುದ್ಧ ದ್ರಾವಕವನ್ನೂ ಹನಿಸಿದಾಗ ಒಂದೇ ಹಸಿರಾಗಿದ್ದ ರಸ ಹಸಿರು, ಹಳದಿ ಪಟ್ಟೆಗಳಾಗಿ ಒಡೆದು ಕೆಳಗಿಳಿಯಿತು. 1903ರಲ್ಲಿ ವಾರ್ಸಾದಲ್ಲಿ ಈ ವಿಷಯವನ್ನು ಮಂಡಿಸಿದ ಅವನು 1906ರ ತನ್ನ ಲೇಖನಗಳಲ್ಲಿ ಈ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ, ಎಂದರೆ ಬಣ್ಣದ ಬರಹ, ಎಂದು ಹೆಸರಿಟ್ಟ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂಬ ಪದಕ್ಕೂ ಬಣ್ಣವೆಂದೇ ಅರ್ಥ.

ಇದರ ತತ್ತ್ವ ಸರಳ. ಪ್ರತಿಯೊಂದು ವಸ್ತುವಿಗೂ ಎರಡು ಸೆಳೆತಗಳಿರುತ್ತವೆ: ಕೊಳವೆಯಲ್ಲಿ ನೆಲೆನಿಂತ ಪುಡಿಯ ಕಡೆಗೊಂದು, ಹರಿಯುವ ದ್ರವದ ಕಡೆಗೊಂದು. ಪುಡಿಗೆ ಹೆಚ್ಚು ಅಂಟಿಕೊಳ್ಳುವ ವಸ್ತು ಹಿಂದೆ ಉಳಿಯುತ್ತದೆ. ದ್ರವಕ್ಕೆ ಹೆಚ್ಚು ಒಲಿಯುವ ವಸ್ತು ಮುಂದೆ ಸಾಗುತ್ತದೆ. ಜಾತ್ರೆಯ ಅಂಗಡಿಸಾಲಿನ ನಡುವೆ ಒಟ್ಟಿಗೆ ಹೊರಟ ಜನರನ್ನು ನೆನೆಯೋಣ. ಪ್ರತಿ ಅಂಗಡಿಯ ಮುಂದೆಯೂ ನಿಲ್ಲುವವರು ತಡವಾಗಿ ಹೊರಬರುತ್ತಾರೆ, ನೇರವಾಗಿ ನಡೆಯುವವರು ಬೇಗ ಹೊರಬರುತ್ತಾರೆ. ಒಟ್ಟಿಗೆ ಹೊರಟ ಗುಂಪು ತನ್ನಷ್ಟಕ್ಕೆ ಬೇರೆಬೇರೆಯಾಗುತ್ತದೆ.

ಶಾಲೆಯ ವಿದ್ಯಾರ್ಥಿಗಳು ಇದನ್ನು ಅಧ್ಯಾಪಕರ ಎದುರಿನಲ್ಲಿ ಮಾಡಿ ನೋಡಬಹುದು. ಒಂದು ಹಿಡಿ ಎಳೆ ಸೊಪ್ಪನ್ನು ಅರೆದು ಸ್ವಲ್ಪ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿ, ಆ ಹಸಿರು ದ್ರವವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬಿಳಿಯ ಸೀಮೆಸುಣ್ಣದ ಕಡ್ಡಿಯೊಂದನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿದರೆ ಸಾಕು. ದ್ರವ ಮೇಲೇರಿದಂತೆ ಹಸಿರೂ ಹಳದಿಯೂ ಬೇರೆಬೇರೆ ಎತ್ತರದಲ್ಲಿ ನಿಲ್ಲುತ್ತವೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಹತ್ತಿರದಲ್ಲಿ ಬೆಂಕಿ ಇರಬಾರದು.

ಮುಂದೆ ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಎಂಬಿಬ್ಬರು ಈ ವಿಧಾನಕ್ಕೆ ಹೊಸ ಬುನಾದಿ ಹಾಕಿ 1941ರಲ್ಲಿ ಪ್ರಕಟಿಸಿದರು. 1952ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. 1960ರ ದಶಕದಲ್ಲಿ ಕೊಳವೆ ಸಣ್ಣದಾಯಿತು, ಪುಡಿ ಬಲು ನುಣುಪಾಯಿತು, ದ್ರವವನ್ನು ನೂಕಲು ಹೆಚ್ಚು ಒತ್ತಡದ ಪಂಪು ಬಂದಿತು. ಪ್ರಯೋಗಾಲಯಗಳಲ್ಲಿ ಎಚ್‌ಪಿಎಲ್‌ಸಿ ಎಂದು ಕರೆಯುವುದು ಇದನ್ನೇ. ಒಂದು ಗೇಣಿಗೂ ಹೆಚ್ಚಿಲ್ಲದ ಉಕ್ಕಿನ ನಳಿಕೆ. ಅದರೊಳಗೆ ಮಿಲಿಮೀಟರಿನ ಸಾವಿರದಲ್ಲಿ 3ರಿಂದ 5 ಪಾಲಿನಷ್ಟು ಗಾತ್ರದ ಸಿಲಿಕಾ ಕಣಗಳು. ಕೊನೆಯಲ್ಲಿ ಹೊರಬರುವ ದ್ರವದ ಮೇಲೆ ಬೆಳಕು ಹಾಯಿಸಿ ನೋಡುವ ಶೋಧಕ. ಯಾವುದಾದರೊಂದು ವಸ್ತು ಹೊರಬಂದೊಡನೆ ಬೆಳಕು ಹೀರಲ್ಪಟ್ಟು ಕಾಗದದ ಮೇಲಿನ ಗೆರೆ ಗುಡ್ಡದಂತೆ ಏರಿ ಇಳಿಯುತ್ತದೆ. ಆ ಗುಡ್ಡಕ್ಕೆ ಶಿಖರವೆನ್ನುತ್ತಾರೆ. ಶಿಖರ ಎಷ್ಟನೆಯ ನಿಮಿಷದಲ್ಲಿ ಎದ್ದಿತು ಎಂಬುದು ವಸ್ತು ಯಾವುದೆಂದು ಸೂಚಿಸಿದರೆ, ಅದರ ವಿಸ್ತೀರ್ಣ ಎಷ್ಟೆಂಬುದು ವಸ್ತು ಎಷ್ಟಿದೆಯೆಂದು ತಿಳಿಸುತ್ತದೆ.

ಹುಳಿಯೆಲ್ಲ ಒಂದೇ ಅಲ್ಲ

ಉಪ್ಪಾಗೆಯ ಹುಳಿ ಯಾವ ಆಮ್ಲದ್ದು? ಬಹುಕಾಲ ಇದನ್ನು ಟಾರ್ಟಾರಿಕ್ ಆಮ್ಲ ಮತ್ತು ಸಿಟ್ರಿಕ್ ಆಮ್ಲವೆಂದೇ ತಪ್ಪಾಗಿ ಗುರುತಿಸಲಾಗಿತ್ತು. ಎಂದರೆ ಹುಣಿಸೆಯ ಹುಳಿ ಮತ್ತು ನಿಂಬೆಯ ಹುಳಿ. ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಖಚಿತಪಡಿಸಿದರು. ಈ ಆಮ್ಲ ದೇಹದಲ್ಲಿ ಕೊಬ್ಬು ತಯಾರಾಗುವ ಹಾದಿಯ ಒಂದು ಕಿಣ್ವವನ್ನು ತಡೆಯುತ್ತದೆಂದು 1969ರಲ್ಲಿ ಅಮೆರಿಕದ ಲೋವೆನ್‌ಸ್ಟೈನ್ ಅವರ ತಂಡ ಪ್ರಕಟಿಸಿತು. ಅಲ್ಲಿಂದ ಮುಂದೆ ನಮ್ಮ ಸಾರಿನ ಹುಳಿ ಬೊಜ್ಜಿನ ಮದ್ದೆಂಬ ಹೆಸರು ಹೊತ್ತಿತು. 1990ರ ದಶಕದಲ್ಲಿ ವಿದೇಶೀ ಬೇಡಿಕೆ ಏರಿ, ಉತ್ತರ ಕನ್ನಡದ ಕಾಡುಗಳಲ್ಲಿ ಉಪ್ಪಾಗೆಯ ಸಂಗ್ರಹ ಹಿಂದೆಂದೂ ಕಾಣದ ಮಟ್ಟಕ್ಕೆ ಹೋಯಿತು.

ವ್ಯಾಪಾರ ಬೆಳೆದಂತೆ ಅಳತೆಯ ಪ್ರಶ್ನೆಯೂ ಬಂದಿತು. ಹಳೆಯ ವಿಧಾನ ಕಾಲೇಜು ವಿದ್ಯಾರ್ಥಿಗಳಿಗೆ ಪರಿಚಿತವಾದ ಟೈಟ್ರೇಷನ್. ಸಿಪ್ಪೆಯ ಕಷಾಯಕ್ಕೆ ಕ್ಷಾರವನ್ನು ಹನಿಹನಿಯಾಗಿ ಸೇರಿಸಿ ಎಷ್ಟು ಹುಳಿ ತಣಿಯಿತೆಂದು ನೋಡುವುದು. ಇದು ಅಗ್ಗ, ಸುಲಭ. ಆದರೆ ಇದಕ್ಕೆ ಹುಳಿಯೆಲ್ಲ ಒಂದೇ. ಯಾರಾದರೂ ಅಂಗಡಿಯ ನಿಂಬೆಹುಪ್ಪನ್ನು ಸಾರಕ್ಕೆ ಬೆರೆಸಿದರೆ ಟೈಟ್ರೇಷನ್ ಅದನ್ನೂ ಉಪ್ಪಾಗೆಯ ಲೆಕ್ಕಕ್ಕೇ ಸೇರಿಸುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಜಿ. ಕೆ. ಜಯಪ್ರಕಾಶ ಮತ್ತು ಕೆ. ಕೆ. ಸಕರಿಯಾ ಅವರು 1998ರಲ್ಲಿ ಉಪ್ಪಾಗೆಯ ಈ ಆಮ್ಲವನ್ನು ದ್ರವ ಕ್ರೊಮ್ಯಾಟೋಗ್ರಫಿಯಿಂದ ಅಳೆಯುವ ವಿಧಾನವನ್ನು ಪ್ರಕಟಿಸಿದರು. ನಂತರ ಪೇಟೆಯ ಸಾರಗಳಿಗೂ ಮುರುಗಲಿಗೂ ಅದನ್ನು ಅನ್ವಯಿಸಿದರು. ಈ ವಿಧಾನದಲ್ಲಿ ಸಿಟ್ರಿಕ್ ಆಮ್ಲ ಬೇರೆಯೇ ಶಿಖರವಾಗಿ ಏಳುತ್ತದೆ. ಬೆರಕೆ ಕಣ್ಣಿಗೆ ಕಾಣುತ್ತದೆ. ನಮ್ಮ ಘಟ್ಟದ ಹಣ್ಣನ್ನು ಅಳೆಯುವ ವಿದ್ಯೆ ನಮ್ಮ ರಾಜ್ಯದ ಸರ್ಕಾರೀ ಸಂಶೋಧನಾಲಯದಲ್ಲಿಯೇ ರೂಪುಗೊಂಡಿತೆಂಬುದು ಮಲೆನಾಡಿಗರು ನೆನಪಿಡಬೇಕಾದ ಸಂಗತಿ. ಸಾರ್ವಜನಿಕ ಹಣದಿಂದ ಬೆಳೆದ ಈ ವಿದ್ಯೆಯನ್ನು ಕೇಳಿ ಪಡೆಯುವ ಹಕ್ಕು ಸಾರ್ವಜನಿಕರಿಗೂ ಇದೆ.

ಇನ್ನೂ ಒಂದು ಸೂಕ್ಷ್ಮವಿದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ದ್ರಾವಣವನ್ನು ಕಾಯಿಸಿ ಬತ್ತಿಸಿದಾಗ ಅದರ ಒಂದು ಭಾಗ ತನ್ನೊಳಗೇ ಮಡಿಚಿಕೊಂಡು ಲ್ಯಾಕ್ಟೋನ್ ಎಂಬ ಬೇರೊಂದು ರೂಪ ತಾಳುತ್ತದೆ. ಸಾರದ ವ್ಯಾಪಾರಿಗೆ ಬೇಕಾದುದು ಮೂಲ ರೂಪ, ಲ್ಯಾಕ್ಟೋನ್ ಅಲ್ಲ. ಕಾರ್ಖಾನೆಗಳು ಆಮ್ಲವನ್ನು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾಗಿಸಿ ಕಾಪಿಡುವುದು ಈ ಕಾರಣದಿಂದಲೇ. ಕ್ರೊಮ್ಯಾಟೋಗ್ರಫಿಯಲ್ಲಿ ಎರಡೂ ಬೇರೆಬೇರೆ ಶಿಖರಗಳಾಗಿ ಕಾಣುತ್ತವೆ. ಆದ್ದರಿಂದ ಸಿಪ್ಪೆಯನ್ನು ಹೇಗೆ ಒಣಗಿಸಿದರು, ಎಷ್ಟು ದಿನ ಒದ್ದೆಯಾಗಿಟ್ಟರು, ಎಷ್ಟು ಉರಿ ಕೊಟ್ಟರು ಎಂಬುದು ಬರಿಯ ಬಣ್ಣದ ಪ್ರಶ್ನೆಯಲ್ಲ; ಒಳಗಿನ ವಸ್ತುವಿನ ಪ್ರಶ್ನೆಯೂ ಹೌದು. ಒಲೆಯ ಮುಂದೆ ಕುಳಿತವರ ಜಾಣ್ಮೆಗೆ ಇಲ್ಲಿ ಬೆಲೆಯಿದೆ. ಆ ಬೆಲೆಯನ್ನು ತೋರಿಸಬಲ್ಲ ಕಾಗದ ಮಾತ್ರ ಅವರ ಕೈಯಲ್ಲಿಲ್ಲ.

ಸಂಖ್ಯೆಯನ್ನು ಪ್ರಶ್ನಿಸುವ ಬಗೆ

ಒಣಸಿಪ್ಪೆಯ ತೂಕದಲ್ಲಿ ಈ ಆಮ್ಲ ಶೇಕಡಾ 10ರಿಂದ 30ರವರೆಗೆ ಇರುತ್ತದೆಂದು ಪ್ರಕಟಿತ ಬರಹಗಳು ಹೇಳುತ್ತವೆ. ಕಡಿಮೆಗೂ ಹೆಚ್ಚಿಗೂ ಮೂರು ಪಟ್ಟು ಅಂತರ! ಈ ಅಂತರವಿರುವ ಕಡೆ ಎಲ್ಲ ಚೀಲಕ್ಕೂ ಒಂದೇ ಬೆಲೆಯೆಂದರೆ ಯಾರಿಗೋ ಲಾಭ, ಯಾರಿಗೋ ನಷ್ಟ ಆಗಲೇಬೇಕು. ಹಾಗೆಂದು ಯಾರೋ ತಂದು ತೋರಿಸಿದ ವರದಿಯನ್ನು ಕಣ್ಣುಮುಚ್ಚಿ ಒಪ್ಪುವುದೂ ಸಲ್ಲದು. ವರದಿಯನ್ನು ಕೈಗೆತ್ತಿಕೊಂಡಾಗ ಕೇಳಬೇಕಾದ ನಾಲ್ಕು ಪ್ರಶ್ನೆಗಳಿವೆ.

ಮೊದಲನೆಯದು, ಮಾದರಿ ತೆಗೆದವರು ಯಾರು, ಹೇಗೆ? ಯಂತ್ರದೊಳಕ್ಕೆ ಹೋಗುವುದು ಒಂದು ಹನಿಗಿಂತಲೂ ಕಡಿಮೆ ದ್ರವ. ಆ ಹನಿ ಹತ್ತು ಕ್ವಿಂಟಾಲ್ ಸಿಪ್ಪೆಯ ಪರವಾಗಿ ಸಾಕ್ಷಿ ನುಡಿಯುತ್ತದೆ. ಚೀಲದ ಮೇಲ್ಭಾಗದ ಒಂದು ಹಿಡಿಯನ್ನು ಮಾತ್ರ ತೆಗೆದರೆ ಸಾಕ್ಷಿ ಸುಳ್ಳಾಗುತ್ತದೆ. ಪ್ರತಿ ಚೀಲದ ಮೇಲೆ, ನಡುವೆ, ತಳ ಮೂರೂ ಕಡೆಗಳಿಂದ ತೆಗೆದು, ಒಟ್ಟುಗೂಡಿಸಿ ಕಲಸಿ, ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲುಗಳನ್ನು ಉಳಿಸಿಕೊಂಡು, ಮತ್ತೆ ಹಾಗೆಯೇ ಕಿರಿದು ಮಾಡುತ್ತ ಹೋಗಬೇಕು. ಕೊನೆಗುಳಿದುದನ್ನು ಮೂರು ಪೊಟ್ಟಣ ಕಟ್ಟಿ, ಮಾರುವವರಿಗೊಂದು, ಕೊಳ್ಳುವವರಿಗೊಂದು, ತಕರಾರು ಬಂದರೆಂದು ಮೊಹರು ಹಾಕಿ ಸಮಿತಿಯಲ್ಲಿಡಲು ಒಂದು ಎಂದು ಹಂಚಬೇಕು. ಇದಕ್ಕೆ ಯಾವ ಯಂತ್ರವೂ ಬೇಡ. ಹತ್ತು ಜನರ ಎದುರಿನಲ್ಲಿ ಮಾಡುವ ಪ್ರಾಮಾಣಿಕತೆ ಬೇಕು.

ಎರಡನೆಯದು, ಶೇಕಡಾ ಎಂದರೆ ಯಾವುದರ ಶೇಕಡಾ? ಚೀಲದಲ್ಲಿದ್ದಂತೆಯೇ ತೂಗಿದ್ದೋ, ತೇವವನ್ನು ಕಳೆದು ಲೆಕ್ಕ ಹಾಕಿದ್ದೋ? ಉದಾಹರಣೆಗೆ, ಒಣತೂಕದ ಲೆಕ್ಕದಲ್ಲಿ ಶೇಕಡಾ 20 ಆಮ್ಲವಿರುವ ಸಿಪ್ಪೆಯಲ್ಲಿ ಶೇಕಡಾ 25 ತೇವವಿದ್ದರೆ, ಆ 100 ಕಿಲೋ ಚೀಲದಲ್ಲಿರುವ ಆಮ್ಲ 20 ಕಿಲೋ ಅಲ್ಲ, 15 ಕಿಲೋ. ತೇವ ಶೇಕಡಾ 10ಕ್ಕೆ ಇಳಿದಿದ್ದರೆ ಅದು 18 ಕಿಲೋ. ಎರಡು ವರದಿಗಳನ್ನು ಪಕ್ಕದಲ್ಲಿಟ್ಟು ಹೋಲಿಸುವ ಮುನ್ನ ಇದನ್ನು ನೋಡದಿದ್ದರೆ ಮೋಸ ಹೋಗುವುದು ಸುಲಭ.

ಮೂರನೆಯದು, ಯಾವುದಕ್ಕೆ ಹೋಲಿಸಿ ಅಳೆದರು? ಕ್ರೊಮ್ಯಾಟೋಗ್ರಫಿಯ ಯಂತ್ರಕ್ಕೆ ತಾನಾಗಿ ಯಾವ ವಸ್ತುವಿನ ಹೆಸರೂ ತಿಳಿಯದು. ಶುದ್ಧವಾದ ಆಮ್ಲದ ತಿಳಿದ ಪ್ರಮಾಣವನ್ನು ಮೊದಲು ಹಾಯಿಸಿ, ಅದರ ಶಿಖರದೊಡನೆ ನಮ್ಮ ಸಿಪ್ಪೆಯ ಶಿಖರವನ್ನು ತೂಗಿ ನೋಡುತ್ತಾರೆ. ಈ ತೂಗುಕಲ್ಲು ಸರಿಯಿಲ್ಲದಿದ್ದರೆ ಲೆಕ್ಕವೆಲ್ಲ ತಪ್ಪು. ತಕ್ಕಡಿಯ ಕಲ್ಲಿಗೆ ಸರ್ಕಾರದ ಮುದ್ರೆ ಇದೆಯೇ ಎಂದು ಕೇಳುವ ನಾವು, ಈ ಕಲ್ಲಿನ ಬಗ್ಗೆಯೂ ಕೇಳಬೇಕು. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ, ಮತ್ತು ಆ ಮಾನ್ಯತೆ ಈ ಪರೀಕ್ಷೆಗೇ ಅನ್ವಯಿಸುತ್ತದೆಯೇ ಎಂಬುದು ನ್ಯಾಯವಾದ ಪ್ರಶ್ನೆ.

ನಾಲ್ಕನೆಯದು, ಶಿಖರದಡಿಯಲ್ಲಿ ಇರುವುದು ಒಂದೇ ವಸ್ತುವೇ? ಹುಳಿಯ ಆಮ್ಲಗಳನ್ನು ಸಾಮಾನ್ಯವಾಗಿ 210 ನ್ಯಾನೋಮೀಟರ್ ಆಸುಪಾಸಿನ, ಕಣ್ಣಿಗೆ ಕಾಣದ ಬೆಳಕಿನಲ್ಲಿ ನೋಡುತ್ತಾರೆ. ಅಲ್ಲಿ ಬೆಳಕು ಹೀರುವ ಬೇರೆ ಸಸ್ಯವಸ್ತುಗಳೂ ಹಲವು. ಎರಡು ವಸ್ತುಗಳು ಒಂದೇ ಕ್ಷಣದಲ್ಲಿ ಹೊರಬಂದರೆ ಒಂದೇ ಶಿಖರವಾಗಿ ಕಂಡು ಸಂಖ್ಯೆ ಉಬ್ಬುತ್ತದೆ. ಆದ್ದರಿಂದ ಬರಿಯ ಶೇಕಡಾ ಬರೆದ ಕಾಗದಕ್ಕೆ ತೃಪ್ತರಾಗದೆ, ಶಿಖರಗಳ ಚಿತ್ರವನ್ನೂ ಕೇಳಿ ಪಡೆಯಬೇಕು. ಶಿಖರ ನೀಟಾಗಿ ಎದ್ದು ಇಳಿದಿದೆಯೇ, ಪಕ್ಕಕ್ಕೆ ಭುಜ ಚಾಚಿದೆಯೇ ಎಂದು ಒಬ್ಬ ಪದವಿ ವಿದ್ಯಾರ್ಥಿ ನೋಡಿ ಹೇಳಬಲ್ಲ.

ಈ ಓದು ಉಪ್ಪಾಗೆಗಷ್ಟೇ ಸೀಮಿತವಲ್ಲ. ನಾಳೆ ನಮ್ಮ ಅಬ್ಬಿ ನೀರಿನ ಕೀಟನಾಶಕ ಪರೀಕ್ಷೆಯ ವರದಿಯನ್ನೂ ಹೀಗೆಯೇ ಓದಬೇಕಾಗುತ್ತದೆ. ಪತ್ತೆಯಾಗಿಲ್ಲವೆಂದು ಬರೆದಿದ್ದರೆ ಇಲ್ಲವೇ ಇಲ್ಲವೆಂದು ಅರ್ಥವಲ್ಲ. ಹುಡುಕಿದ ವಸ್ತುಗಳ ಪಟ್ಟಿಯಲ್ಲಿದ್ದುದು, ಆ ವಿಧಾನ ಕಾಣಬಲ್ಲ ಕನಿಷ್ಠ ಪ್ರಮಾಣಕ್ಕಿಂತ ಮೇಲೆ ಕಾಣಲಿಲ್ಲವೆಂದಷ್ಟೇ ಅರ್ಥ. ಪಟ್ಟಿಯಲ್ಲಿಲ್ಲದ ವಿಷದ ಬಗ್ಗೆ ವರದಿ ಮೌನವಾಗಿರುತ್ತದೆ.

ಶಿಖರ ಹೇಳದ ಮಾತು

ಇನ್ನು ಈ ಸಂಖ್ಯೆಯ ಎಲ್ಲೆಯನ್ನು ಕುರಿತು. ಡಬ್ಬಿಯಲ್ಲಿ ಶೇಕಡಾ 60 ಆಮ್ಲವಿದೆಯೆಂದು ಕ್ರೊಮ್ಯಾಟೋಗ್ರಫಿ ನಿಜವನ್ನೇ ಹೇಳಬಹುದು. ಅದನ್ನು ನುಂಗಿದವರ ಬೊಜ್ಜು ಕರಗುತ್ತದೆಯೇ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿದಾಗ ಬಂದ ಉತ್ತರ ವ್ಯಾಪಾರಕ್ಕೆ ಹಿತವಾಗಿರಲಿಲ್ಲ. 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಹೈಮ್ಸ್‌ಫೀಲ್ಡ್ ಮತ್ತಿತರರು ಪ್ರಕಟಿಸಿದ ಪರೀಕ್ಷೆಯಲ್ಲಿ 135 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಇನ್ನೊಂದಕ್ಕೆ ಹುಸಿಗುಳಿಗೆ ಕೊಟ್ಟು 12 ವಾರ ನೋಡಲಾಯಿತು. ತೂಕ ಇಳಿಯುವುದರಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಯಕೃತ್ತಿನ ಹಾನಿಯ ವರದಿಗಳ ಹಿನ್ನೆಲೆಯಲ್ಲಿ ಹೈಡ್ರಾಕ್ಸಿಕಟ್ ಎಂಬ ಬಹುವಸ್ತುಗಳ ಬೊಜ್ಜಿನ ಗುಳಿಗೆಯನ್ನು ಸೇವಿಸಬಾರದೆಂದು ಎಚ್ಚರಿಸಿತು. ಗಾರ್ಸೀನಿಯಾ ಸಾರ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಆ ಬಳಿಕವೂ ವೈದ್ಯಪತ್ರಿಕೆಗಳಲ್ಲಿ ವರದಿಯಾಗಿವೆ. ಸಾರಿಗೆ ಹಾಕುವ ಒಂದೆರಡು ಸಿಪ್ಪೆಗೂ ದಿನವೂ ನುಂಗುವ ಗಟ್ಟಿ ಸಾರಕ್ಕೂ ಇರುವ ಅಂತರವನ್ನು ಇಲ್ಲಿ ಮರೆಯಬಾರದು.

ಹೊರಗಿನವರ ಬೊಜ್ಜಿನ ಚಿಂತೆ ನಮಗೇಕೆಂದು ಕೇಳಬಹುದು. ಅದು ನಮ್ಮ ಕಾಡಿನ ಚಿಂತೆಯೂ ಹೌದು. ಅನುಮಾನದ ಮದ್ದಿನ ಮೇಲೆ ನಿಂತ ಬೇಡಿಕೆ ಇಂದು ಏರುತ್ತದೆ, ನಾಳೆ ಇಳಿಯುತ್ತದೆ. ಏರಿದ ವರ್ಷ ಕೊಂಬೆ ಮುರಿಯುತ್ತದೆ. ತಾನು ಬಿಟ್ಟರೆ ಪಕ್ಕದವನು ಕೊಯ್ದಾನೆಂಬ ಆತುರದಲ್ಲಿ ಬಲಿಯದ ಕಾಯಿಯೂ ಚೀಲ ಸೇರುತ್ತದೆ. ಬೀಜ ನೆಲಕ್ಕೆ ಬೀಳುವುದಿಲ್ಲ. ಮಳೆಗಾಲದ ಬೆಳೆಯಾದ್ದರಿಂದ ಬಿಸಿಲಿಲ್ಲ; ಅಟ್ಟದ ಕೆಳಗೆ ಉರಿಯುವುದು ಕಾಡಿನದೇ ಕಟ್ಟಿಗೆ. ಉಪ್ಪಾಗೆಯಲ್ಲಿ ಬಹುಮಟ್ಟಿಗೆ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಹಣ್ಣು ಬಿಡದ ಮರವೆಂದು ಗಂಡನ್ನು ಕಡಿದರೆ ಹೆಣ್ಣು ಮರವೂ ಬರಡಾದಂತೆ. ಈ ಮರಗಳಿರುವ ಅಘನಾಶಿನಿ ಕೊಳ್ಳದ ಕಾಡು ಸಿಂಗಳೀಕಗಳ ಮನೆಯೂ ಆಗಿದೆ. ಇವುಗಳಲ್ಲಿ ಯಾವುದೂ ಶಿಖರದ ಚಿತ್ರದಲ್ಲಿ ಕಾಣುವುದಿಲ್ಲ. ಒಂದು ಮರವನ್ನು ಒಂದು ಆಮ್ಲದ ಶೇಕಡಾವಾರಿಗೆ ಇಳಿಸಿದ ದಿನ, ಆ ಮರದ ಉಳಿದೆಲ್ಲ ಸಂಬಂಧಗಳೂ ಲೆಕ್ಕದ ಹೊರಗೆ ಉಳಿಯುತ್ತವೆ.

ಎರಡು ಆಕ್ಷೇಪಗಳು

ಹಾಗಾದರೆ ಈ ಪರೀಕ್ಷೆಯ ಗೊಡವೆಯೇ ಬೇಡವೆಂಬುದು ನಮ್ಮ ಕೆಲವು ಹಿರಿಯರ ಅಭಿಪ್ರಾಯ. ಅವರ ಆತಂಕ ನಿರಾಧಾರವಲ್ಲ. ಯಾವ ಬೆಟ್ಟದ ಮರದಲ್ಲಿ ಆಮ್ಲ ಹೆಚ್ಚೆಂದು ತಿಳಿದರೆ ಮುಂದಿನ ಮಳೆಗಾಲಕ್ಕೆ ಆ ಬೆಟ್ಟವೇ ಮೊದಲು ಬೋಳಾಗಬಹುದು. ಆದರೆ ನಾವು ಅಳೆಯದೆ ಇದ್ದ ಮಾತ್ರಕ್ಕೆ ಯಾರೂ ಅಳೆಯುವುದಿಲ್ಲವೆಂದಲ್ಲ. ಕೊಳ್ಳುವವರು ಅಳೆಯುತ್ತಲೇ ಇದ್ದಾರೆ. ಅರಿವು ಒಂದೇ ಕಡೆ ಇದ್ದಾಗ ಲೂಟಿ ಸುಲಭ. ಮರದ ನೆಲೆಯ ವಿವರ ಗ್ರಾಮಸಭೆಯ ಬಳಿಯೇ ಉಳಿಯಲಿ. ಹೊರಗೆ ಕೊಡುವುದು ಮಾರಾಟಕ್ಕಿಟ್ಟ ರಾಶಿಯ ಸಂಖ್ಯೆಯನ್ನು ಮಾತ್ರ ಎಂಬ ನಿಯಮವನ್ನು ನಾವೇ ಮಾಡಿಕೊಳ್ಳಬಹುದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ. ಜನತಾ ಜೀವವೈವಿಧ್ಯ ದಾಖಲಾತಿಯೂ ಅವುಗಳ ಹೊಣೆ. 2006ರ ಅರಣ್ಯ ಹಕ್ಕು ಕಾಯ್ದೆ, ಅರ್ಹ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನೂ ಸಂಗ್ರಹಿಸಿ ಮಾರುವ ಹಕ್ಕನ್ನೂ ಮಾನ್ಯ ಮಾಡಿದೆ. ಒಡೆಯನಾದವನಿಗೆ ತನ್ನ ವಸ್ತುವಿನ ಗುಣ ತಿಳಿದಿರಬೇಡವೇ?

ಎರಡನೆಯ ಆಕ್ಷೇಪ ಖರ್ಚಿನದು. ಯಂತ್ರ ದುಬಾರಿ, ನಿಜ. ಅದನ್ನು ಊರಿಗೆ ತರಬೇಕೆಂದು ಯಾರೂ ಹೇಳುತ್ತಿಲ್ಲ. ಹತ್ತಿರದ ವಿಶ್ವವಿದ್ಯಾಲಯ, ಔಷಧ ವಿಜ್ಞಾನ ಕಾಲೇಜುಗಳಲ್ಲಿ ವಿಚಾರಿಸಿದರೆ ಈ ಯಂತ್ರ ಸಿಗುತ್ತದೆ. ಒಂಟಿ ಕುಟುಂಬಕ್ಕೆ ಭಾರವಾಗುವ ಶುಲ್ಕ, ಒಂದು ಸೀಮೆಯ ಸಂಗ್ರಾಹಕರೆಲ್ಲ ಸೇರಿ ಹಂಗಾಮಿಗೆ ನಾಲ್ಕಾರು ಮಾದರಿಗಳನ್ನು ಮಾತ್ರ ಪರೀಕ್ಷಿಸಿದಾಗ ತಲೆಗೆ ಅಲ್ಪವೇ ಬೀಳುತ್ತದೆ. ಅಡಿಕೆಯ ದರ್ಜೆಯನ್ನು ಸಹಕಾರಿ ಸಂಘಗಳ ಮೂಲಕ ನಿಂತು ನಿರ್ಧರಿಸಿಕೊಂಡ ಸೀಮೆಗೆ ಉಪ್ಪಾಗೆಯಲ್ಲಿ ಇದು ಅಸಾಧ್ಯವೆಂದರೆ ನಂಬಲಾಗದು.

ನಾವು ಮಾಡಬಹುದಾದುದು

ಗ್ರಾಮ ಅರಣ್ಯ ಸಮಿತಿಗಳೂ ಸಂಗ್ರಾಹಕರ ಗುಂಪುಗಳೂ ಮುಂದಿನ ಹಂಗಾಮಿನ ಮೊದಲು ಒಂದೆಡೆ ಕಲೆತು ಮೂರು ನಿರ್ಣಯಗಳನ್ನು ಕೈಗೊಳ್ಳಲೆಂದು ನಾವು ಸೂಚಿಸುತ್ತೇವೆ.

ಒಂದು, ಮಾರಾಟಕ್ಕೆ ಹೋಗುವ ರಾಶಿಯಿಂದ ಮೇಲೆ ಹೇಳಿದ ಕ್ರಮದಲ್ಲಿ ಎಲ್ಲರೆದುರು ಮಾದರಿ ತೆಗೆದು ಮೂರು ಪೊಟ್ಟಣ ಕಟ್ಟುವುದು. ಕೊಳ್ಳುವವರು ತಮ್ಮ ಪರೀಕ್ಷೆಯ ವರದಿಯನ್ನು ಶಿಖರದ ಚಿತ್ರ ಸಹಿತ ಕೊಡಬೇಕೆಂದು ಕರಾರಿನಲ್ಲಿಯೇ ಬರೆಸುವುದು.

ಎರಡು, ಪ್ರಶ್ನೆಗಳನ್ನು ನಾವೇ ಎತ್ತುವುದು. ಮರದಲ್ಲಿ ಬಲಿತು ಬಿದ್ದ ಹಣ್ಣಿಗೂ ಎಳೆಯದಾಗಿ ಕೊಯ್ದ ಕಾಯಿಗೂ ಆಮ್ಲದಲ್ಲಿ ಅಂತರವೆಷ್ಟು? ತೆರೆದ ಒಲೆಯ ಹೊಗೆಯಲ್ಲಿ ಒಣಗಿದ ಸಿಪ್ಪೆಗೂ ಸುಧಾರಿತ ಒಣಗೂಡಿನಲ್ಲಿ ಒಣಗಿದ ಸಿಪ್ಪೆಗೂ ಲ್ಯಾಕ್ಟೋನಿನ ಪಾಲು ಎಷ್ಟೆಷ್ಟು? ಸೊಪ್ಪಿನ ಬೆಟ್ಟದ ಮರಕ್ಕೂ ದಟ್ಟ ಕಾಡಿನ ಮರಕ್ಕೂ ಭೇದವಿದೆಯೇ? ಇವು ಕಾರ್ಖಾನೆಗೆ ಬೇಕಾದ ಪ್ರಶ್ನೆಗಳಲ್ಲ, ಕಾಡಿಗೆ ಬೇಕಾದವು. ಬಲಿತ ಹಣ್ಣಿಗೂ ಕಡಿಮೆ ಕಟ್ಟಿಗೆಯ ಒಣಗೂಡಿಗೂ ಹೆಚ್ಚು ಬೆಲೆ ಬರುವಂತಾದರೆ, ಮರವನ್ನು ಉಳಿಸುವ ಕೊಯ್ಲಿಗೆ ಉಪದೇಶಕ್ಕಿಂತ ಬಲವಾದ ಆಸರೆ ಸಿಕ್ಕಂತಾಗುತ್ತದೆ. ಬಾರದೆ ಹೋದರೆ, ಆ ಸತ್ಯವನ್ನೂ ತಿಳಿದುಕೊಂಡೇ ನಮ್ಮ ಕೊಯ್ಲಿನ ನಿಯಮಗಳನ್ನು ಬೇರೆ ನೆಲೆಯ ಮೇಲೆ ಕಟ್ಟಬೇಕಾಗುತ್ತದೆ.

ಮೂರು, ಈ ವಿದ್ಯೆಯನ್ನು ನಮ್ಮ ಮಕ್ಕಳಿಗೆ ಒಪ್ಪಿಸುವುದು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಓದುವ ಮಲೆನಾಡಿನ ವಿದ್ಯಾರ್ಥಿಗಳು ಯೋಜನಾಕಾರ್ಯಕ್ಕೆಂದು ಎಲ್ಲಿಯದೋ ವಿಷಯವನ್ನು ಹುಡುಕುವ ಬದಲು ಮೇಲಿನ ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಳ್ಳಲಿ. ಅದರ ಫಲಿತಾಂಶವನ್ನು ಕಾಲೇಜಿನ ಕಪಾಟಿನಲ್ಲಿ ಬಿಡದೆ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಲಿ. ಚೀಲ ಹೊತ್ತವರು ಅದನ್ನು ಕೇಳಿ ಪ್ರಶ್ನಿಸಲಿ.

ನಮ್ಮ ಹಿರಿಯರು ಉಪ್ಪಾಗೆಯ ಹುಳಿಯನ್ನು ನಾಲಗೆಯಿಂದ ಅಳೆದರು. ಎಷ್ಟು ಸಿಪ್ಪೆ ಸಾಕು, ಎಷ್ಟು ಹಣ್ಣು ಮರದಲ್ಲೇ ಇರಬೇಕು ಎಂಬ ಎರಡೂ ಅಳತೆಗಳು ಅವರಿಗೆ ಒಟ್ಟಿಗೆ ತಿಳಿದಿದ್ದವು. ಪ್ರಯೋಗಾಲಯಕ್ಕೆ ಮೊದಲನೆಯದು ಮಾತ್ರ ತಿಳಿದಿದೆ. ಅದನ್ನು ನಾವು ಕಲಿಯೋಣ; ಎರಡನೆಯದನ್ನು ಬಿಟ್ಟುಕೊಡದೆ ಕಲಿಯೋಣ. ಮಳೆ ಹಿಡಿಯುವ ಮೊದಲೇ ಸಭೆಗಳು ಸೇರಲಿ.